ಆಯ್ತಪ್ಪನ ಗಿಳಿಪಾಠ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬಲ್ಲವರು ಹೇಳಿದ್ದಾರೆ. ಆಯ್ತಪ್ಪನ ಬಳಿ ಒಡೆಯುವುದಕ್ಕೆ ಮುತ್ತು ಇರಲಿಲ್ಲ. ಆದ್ದರಿಂದ ಮಾತನ್ನೇ ಆಡಿಬಿಟ್ಟ. ಅದೂ ಒಂದು ಭಾನುವಾರ ಮಧ್ಯಾಹ್ನ, ಹೆಂಡತಿಯ ಅಣ್ಣನ ಮನೆಯಲ್ಲಿ, ಊಟ ಮುಗಿಸಿ ಕೂತಿದ್ದ ಎಂಟು ಜನರ ಎದುರಿಗೆ.

ಆಯ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಕೊಟ್ಟ ಬಿರುದು. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರು ಅರ್ಜಿಗಳನ್ನು ತೆಗೆದುಕೊಂಡು ಮುದ್ರೆ ಒತ್ತುವುದು ಅವನ ಕೆಲಸ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದರೂ "ಆಯ್ತು", ಬಂದ ನೀರು ನಿಲ್ಲುತ್ತಿಲ್ಲ ಎಂದರೂ "ಆಯ್ತು", ನಿಮ್ಮ ಕಚೇರಿಗೆ ಬೆಂಕಿ ಹಾಕುತ್ತೇನೆ ಎಂದರೂ "ಆಯ್ತು" ಎನ್ನುತ್ತಾ ಹದಿನೆಂಟು ವರ್ಷ ಮುದ್ರೆ ಒತ್ತಿದ್ದ. ಅವನು ಎಲ್ಲರ ಮಾತನ್ನೂ ಕೇಳುತ್ತಿದ್ದ. ಅವನ ಮಾತನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಫ್ಯಾನು ಹಾಕು ಎಂದರೆ ಜವಾನ ಕಿಟಕಿ ಮುಚ್ಚುತ್ತಿದ್ದ. ಬಸ್ಸಿನಲ್ಲಿ ನಿಲ್ಲಿಸಿ ಎಂದು ಕೂಗಿದರೆ ಬಸ್ಸು ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತಿತ್ತು.

ಆ ಭಾನುವಾರ ಅವನ ಭಾವ ತನ್ನ ನಾಯಿಯ ಪ್ರದರ್ಶನ ಏರ್ಪಡಿಸಿದ್ದ. ಭಾವನದು ಟೈರು ಅಂಗಡಿ. ಗಂಟಲು ಲಾರಿಯ ಹಾರನ್ನು. ಅವನು "ಕೂರು" ಎಂದರೆ ನಾಯಿ ಕೂತಿತು. "ಕೈ ಕೊಡು" ಎಂದರೆ ಕೈ ಕೊಟ್ಟಿತು. "ಮಲಗು" ಎಂದಾಗ ನಾಯಿಯ ಜೊತೆಗೆ ಮೂಲೆಯಲ್ಲಿದ್ದ ಒಬ್ಬ ಮುದುಕರೂ ಮಲಗಿಬಿಟ್ಟರು.

"ನೋಡಿದ್ಯೇನಪ್ಪಾ? ಇದಕ್ಕೆ ಅಂತಾರೆ ಹಿಡಿತ," ಎಂದ ಭಾವ. "ನೀನೋ, ನನ್ನ ತಂಗಿ ಹತ್ರ ಒಂದು ಲೋಟ ನೀರು ಬೇಕಾದ್ರೂ ಅರ್ಜಿ ಬರೆದು ಮುದ್ರೆ ಒತ್ತಿ ಕೊಡ್ಬೇಕು!"

ಎಂಟು ಜನವೂ ನಕ್ಕರು. ಆಯ್ತಪ್ಪನ ಹೆಂಡತಿಯೂ ನಕ್ಕಳು. ಅದು ನಾಟಿತು.

"ನಾಯಿ ಬಿಡಿ ಭಾವ," ಎಂದ ಆಯ್ತಪ್ಪ. "ನಾಯಿ ಯಾರ ಮಾತು ಬೇಕಾದ್ರೂ ಕೇಳುತ್ತೆ. ಅದಕ್ಕೆ ಬೇರೆ ಕೆಲಸ ಏನಿದೆ? ನಾನು ಮನಸ್ಸು ಮಾಡಿದ್ರೆ ಒಂದು ಗಿಳಿಮರೀನ ಪಳಗಿಸ್ತೀನಿ. ಹತ್ತು ಅಂದ್ರೆ ಬಂದು ನನ್ನ ಕೈ ಹತ್ತಿ ಕೂರಬೇಕು, ಹಾಗೆ!"

ಗಿಳಿಯೇ ಯಾಕೆ ಎಂದು ಕೇಳಿದರೆ, ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಗಿಳಿಯ ಚಿತ್ರವಿತ್ತು, ಅಷ್ಟೇ. ಆನೆಯ ಚಿತ್ರವಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೋ.

ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಭಾವ ಬಾಗಿಲು ತಟ್ಟಿದ. ಕೈಯಲ್ಲೊಂದು ಪಂಜರ. ಪಂಜರದಲ್ಲಿ ಮೂರು ತಿಂಗಳ ಗಿಳಿಮರಿ. ಪಕ್ಷಿ ಸಾಕುವವರ ಗೂಡಿನಲ್ಲೇ ಹುಟ್ಟಿದ್ದು. ಕತ್ತಿನ ಬಳಿ ಪುಕ್ಕ ಇನ್ನೂ ಸರಿಯಾಗಿ ಬಂದಿಲ್ಲ, ಕೊಕ್ಕು ಮಾತ್ರ ಪೂರ್ತಿ ಬಂದಿದೆ.

"ಒಂದು ತಿಂಗಳು," ಎಂದ ಭಾವ. "ಕೈ ಹತ್ತಿದ್ರೆ ಗಿಳಿ ನಿಂದು. ಇಲ್ಲಾಂದ್ರೆ ನಮ್ಮನೆಗೆ ತಗೊಂಡ್ಹೋಗ್ತೀನಿ. ನಮ್ಮ ನಾಯಿಗೂ ಒಂದು ಜೊತೆ ಆಗುತ್ತೆ."

ಆ ನಾಯಿ ಹಿಂದಿನ ವರ್ಷ ಜೊತೆಗೆಂದು ತಂದ ಬೆಕ್ಕನ್ನು ಏನು ಮಾಡಿತ್ತೆಂಬುದು ಆಯ್ತಪ್ಪನಿಗೆ ಗೊತ್ತಿತ್ತು. ಮರಿ ಪಂಜರದ ಮೂಲೆಗೆ ಒತ್ತಿಕೊಂಡು ನಡುಗುತ್ತಾ ಅವನನ್ನೇ ನೋಡಿತು. ಆಯ್ತಪ್ಪ ಅಭ್ಯಾಸಬಲದಿಂದ "ಆಯ್ತು" ಎಂದ.

ಪಂಜರದ ಜೊತೆ ಎಂಟು ಪುಟದ ಒಂದು ಕೈಪಿಡಿಯೂ ಬಂದಿತ್ತು. ಅದನ್ನು ಅವನು ಪರೀಕ್ಷೆಗೆ ಓದುವವನಂತೆ ಓದಿ ಕೆಂಪು ಗೆರೆ ಎಳೆದ. ಮರಿಯ ಹತ್ತಿರ ಸರಕ್ಕನೆ ಅಲ್ಲಾಡಬಾರದು. ದಿಟ್ಟಿಸಿ ನೋಡಬಾರದು, ನೋಡಿದರೂ ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯಬೇಕು. ಮೊದಮೊದಲು ಒಂದೇ ಬಣ್ಣದ ಅಂಗಿ ತೊಟ್ಟರೆ ಮರಿ ಬೇಗ ಗುರುತು ಹಿಡಿಯುತ್ತದೆ. ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ ಏನಾದರೂ ಓದುತ್ತಿರಬೇಕು. ಹೇಳಿದಂತೆ ಮಾಡಿದ ತಕ್ಷಣ ಒಂದು ಸೂರ್ಯಕಾಂತಿ ಬೀಜ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮರಿ ಕಚ್ಚಿದರೆ ಕೂಗಬಾರದು, ಕೈ ಎಳೆದುಕೊಳ್ಳಬಾರದು, ಮುಖದಲ್ಲಿ ನೋವು ತೋರಿಸಬಾರದು.

ಇದಿಷ್ಟು ಪುಸ್ತಕದ ನಿಯಮ. ಇನ್ನೊಂದನ್ನು ಆಯ್ತಪ್ಪ ತಾನೇ ಸೇರಿಸಿದ. "ನೋಡು ಇವಳೇ, ಇದು ಕೈ ಹತ್ತೋವರೆಗೂ ಯಾರಿಗೂ ಗೊತ್ತಾಗ್ಬಾರ್ದು. ಕಚೇರೀಲಿ ತಿಳಿದ್ರೆ ನಗ್ತಾರೆ. ಪಕ್ಕದ ಮನೆಯವರಿಗಂತೂ ಉಸಿರೂ ಬಿಡಬೇಡ."

ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಿ, "ನಾನ್ಯಾಕೆ ಹೇಳ್ಲಿ? ಹೇಳಿದ್ರೆ ನನಗೇ ಮರ್ಯಾದೆ ಕಡಿಮೆ," ಎಂದಳು.

ಮರಿಗೆ ಪುಟ್ಟಿ ಎಂದು ಹೆಸರಾಯಿತು. ಪಂಜರ ಒಳಕೋಣೆ ಸೇರಿತು. ಆ ಕೋಣೆಯ ಆಚೆಗೆ ಒಂದೇ ಇಟ್ಟಿಗೆಯ ಗೋಡೆ; ಗೋಡೆಯ ಆಚೆಗೆ ನಿವೃತ್ತ ಡ್ರಿಲ್ ಮೇಷ್ಟ್ರು.

ಮೊದಲ ವಾರ ಪುಟ್ಟಿ ಅವನನ್ನು ಕಂಡರೆ ಬೆನ್ನು ತಿರುಗಿಸಿ ಕೂತಿತು, ಕಾಳು ಹಾಕಲು ಹೋದರೆ ಮಾತ್ರ ತಿರುಗಿ ಕಚ್ಚಿತು. ಆಯ್ತಪ್ಪ ಹಳೆಯ ಹಸಿರು ಅಂಗಿ ತೊಟ್ಟು, ಪಕ್ಕದಲ್ಲಿ ಕೂತು, ಕಚೇರಿಯ ಹಳೆಯ ಅರ್ಜಿಗಳನ್ನೇ ಜೋಗುಳದ ಧಾಟಿಯಲ್ಲಿ ಓದಿದ: "ಮಾನ್ಯರೇ, ನಮ್ಮ ಬೀದಿಯಲ್ಲಿ ಮೂರು ದಿನದಿಂದ ಕೊಳಾಯಿ ಒಡೆದು..." ಎರಡನೆಯ ವಾರ ಅದು ಅವನ ಕಡೆ ಮುಖ ತಿರುಗಿಸಿತು. ಅವನು ಪಂಜರದ ಬಾಗಿಲು ತೆರೆದು ಮೆಲ್ಲಗೆ ಕೈ ಒಳಗಿಟ್ಟು "ಹತ್ತು" ಎಂದ. ಪುಟ್ಟಿ ಕಿರುಚಿ, ತೋರುಬೆರಳಿಗೆ ಕಚ್ಚಿತು. ಅವನು ಮುಖವನ್ನು ಕಲ್ಲು ಮಾಡಿಕೊಂಡು ಇನ್ನೊಮ್ಮೆ "ಹತ್ತು" ಎಂದ. ಅದು ಉಂಗುರ ಬೆರಳಿಗೆ ಕಚ್ಚಿತು. ಹಿಡಿದ ಪಟ್ಟು ಬಿಡುವವನಲ್ಲ ಅವನು, ಅದೂ ಬಿಡುವಂಥದ್ದಲ್ಲ.

ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಈ ಗೋಡೆಗೆ ಇದ್ದದ್ದು ಡ್ರಿಲ್ ಮೇಷ್ಟ್ರ ಕಿವಿ. ಅವರು ಅಲ್ಲಿಗೆ ಒಂದು ಸ್ಟೀಲ್ ಲೋಟವನ್ನೂ ಒತ್ತಿಕೊಂಡಿದ್ದರು. ಮೊದಲು ಒಂದು ಘೋರ ಚೀತ್ಕಾರ ಕೇಳಿಸಿತು. ಆಮೇಲೆ ಆಯ್ತಪ್ಪನ ದನಿ: "ಕಚ್ಚು ಪುಟ್ಟಿ, ಕಚ್ಚು. ಎಷ್ಟು ಬೇಕಾದ್ರೂ ಕಚ್ಚು. ನಾನು ಕೋಪ ಮಾಡ್ಕೊಳಲ್ಲ." ಆಮೇಲೆ, "ಹತ್ತು... ಹತ್ತು..."

ಮೇಷ್ಟ್ರು ಲೋಟ ಕೆಳಗಿಟ್ಟು ಬೆವರು ಒರೆಸಿಕೊಂಡರು. ಮಕ್ಕಳಿಲ್ಲದ ಮನೆ. ಅಲ್ಲಿ ಇರುವುದು ಇಬ್ಬರೇ. ಕಚ್ಚಿಸಿಕೊಳ್ಳುತ್ತಿರುವವನು ಆಯ್ತಪ್ಪ. ಹಾಗಾದರೆ ಕಚ್ಚುತ್ತಿರುವವರು ಯಾರು? ನಲವತ್ತು ವರ್ಷ ಸಾಲು ಸರಿ ಮಾಡಿದ ಮನುಷ್ಯನಿಗೆ ಇದನ್ನು ಸರಿಮಾಡುವುದು ಕಷ್ಟವಾಗಲಿಲ್ಲ.

"ಹೆಂಡ್ತಿ ಕಚ್ತಾಳೆ," ಎಂದರು ಮರುದಿನ ಮೂಲೆ ಅಂಗಡಿಯಲ್ಲಿ, ದನಿ ತಗ್ಗಿಸಿ. "ದಿನಕ್ಕೆ ಹತ್ತು ಸಲ. ಪಾಪ, ಎಣಿಸ್ತಾ ಇರ್ತಾನೆ. ನನ್ನ ಕಿವಿಯಾರೆ ಕೇಳಿದ್ದೀನಿ."

"ಛೇ, ಟೀಚರಮ್ಮ ಅಂಥೋರಲ್ಲ," ಎಂದ ಅಂಗಡಿಯವನು.

"ಅವನ ಬೆರಳು ನೋಡಿದ್ಯೇನಯ್ಯಾ?"

ಅಷ್ಟರಲ್ಲಿ ಆಯ್ತಪ್ಪ ಬ್ಯಾಂಡೇಜಿಗೆಂದು ಬಂದ. ಐದು ಬೆರಳಿಗೆ ಪಟ್ಟಿ, ಕಿವಿಯ ಮೇಲೆ ಒಂದು ಗೀರು. "ಕೈಗೇನಾಯ್ತು ಸಾರ್?" ಎಂದು ಅಂಗಡಿಯವನು ಕೇಳಿದರೆ, ಗುಟ್ಟು ಕಾಯುವ ಗಡಿಬಿಡಿಯಲ್ಲಿ ಅವನು, "ಏನಿಲ್ಲ, ಏನಿಲ್ಲ, ಮನೆ ವಿಷಯ," ಎಂದುಬಿಟ್ಟ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅವನ ಹಿಂದೆಯೇ ಬಂದ ಹೆಂಡತಿಯ ಬೆರಳುಗಳ ಮೇಲೆ ಉತ್ತರ ಪತ್ರಿಕೆ ತಿದ್ದಿದ ಕೆಂಪು ಶಾಯಿ ಇತ್ತು. ಅಂಗಡಿಯವನು ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ದೂರದಿಂದಲೇ ಮೇಜಿನ ಮೇಲೆ ಜಾರಿಸಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿ ಕೊರತೆ? ವಾರದೊಳಗೆ ಸುದ್ದಿ ಎರಡು ಬೀದಿ ದಾಟಿತು. ಟೀಚರಮ್ಮ ಬಂದರೆ ತರಕಾರಿಯವನು ತೂಕಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕತೊಡಗಿದ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇರತೊಡಗಿತು. ಎದುರು ಮನೆಯ ಸೊಸೆ ಮಾತ್ರ ಒಂದು ಸಂಜೆ ಬಾಗಿಲಲ್ಲಿ ನಿಂತು, "ಅಕ್ಕಾ, ಹೇಗೆ ಶುರು ಮಾಡಿದ್ರಿ? ನಮ್ಮೋರೂ ಮಾತು ಕೇಳಲ್ಲ," ಎಂದು ಪಿಸುಗುಟ್ಟಿದಳು. ಅವಳು ಕೇಳಿದ್ದು ಮನೆಪಾಠದ ವಿಷಯವೆಂದುಕೊಂಡ ಟೀಚರಮ್ಮ, "ಮೊದಲು ನಿಧಾನವಾಗಿ, ಆಮೇಲೆ ದಿನಾ ತಪ್ಪದ ಹಾಗೆ ಮಾಡ್ಬೇಕು ಕಣಮ್ಮ," ಎಂದಳು. ಆ ಸೊಸೆ ಕೈಮುಗಿದು ಹೋದಳು.

ಕಚೇರಿಯಲ್ಲಿ ಪರಿಸ್ಥಿತಿ ಇನ್ನೂ ಗಂಭೀರವಾಯಿತು. ಆಯ್ತಪ್ಪನಿಗೆ ಕೈಪಿಡಿಯ ನಿಯಮಗಳು ಮೈಗಂಟಿಬಿಟ್ಟಿದ್ದವು. ದಿನಾ ಅದೇ ಹಸಿರು ಅಂಗಿ. ನಡಿಗೆ ನೀರಿನೊಳಗೆ ನಡೆದಂತೆ. ಯಾರಾದರೂ ಮಾತಾಡಿಸಿದರೆ ಕಣ್ಣನ್ನು ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯುತ್ತಿದ್ದ. ಒಂದು ದಿನ ಕಬ್ಬಿಣದ ಬೀರುವಿನ ಬಾಗಿಲಿಗೆ ಅವನ ಹೆಬ್ಬೆರಳು ಸಿಕ್ಕಿಕೊಂಡಿತು. ನೋಡಿದವರೆಲ್ಲ "ಅಯ್ಯೋ" ಎಂದರು. ಅವನೊಬ್ಬ ಮಾತ್ರ ಹುಬ್ಬೂ ಅಲ್ಲಾಡಿಸದೆ ಬೀರುವಿಗೆ ಮೆಲ್ಲಗೆ, "ಪರವಾಗಿಲ್ಲ, ಪರವಾಗಿಲ್ಲ," ಎಂದ.

ಹೆಡ್ ಕ್ಲರ್ಕ್ ಕರುಳಿರುವ ಮನುಷ್ಯ. ಸುದ್ದಿ ಅವರಿಗೂ ಮುಟ್ಟಿತ್ತು. ಆಯ್ತಪ್ಪನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ನೋಡಪ್ಪಾ, ಮನೇಲಿ ಏನಾದ್ರೂ ತೊಂದ್ರೆ ಇದ್ರೆ ಹೇಳ್ಕೋ. ಗಂಡಸರು ಹೇಳ್ಕೋಬಾರ್ದು ಅಂತ ಏನೂ ಇಲ್ಲ."

"ತೊಂದ್ರೆ ಏನಿಲ್ಲ ಸಾರ್. ಇನ್ನೊಂದು ವಾರ. ಹಟ ಮಾಡಿದ್ರೆ ದಾರಿಗೆ ಬಂದೇ ಬರುತ್ತೆ," ಎಂದ ಆಯ್ತಪ್ಪ, ಹಲ್ಲು ಕಚ್ಚಿ.

ಅವನು ಹೋದ ಮೇಲೆ ಹೆಡ್ ಕ್ಲರ್ಕ್ ಕಣ್ಣೊರೆಸಿಕೊಂಡು ಕುಟುಂಬ ಸಲಹಾ ಕೇಂದ್ರಕ್ಕೆ ಫೋನ್ ಮಾಡಿದರು.

ಒಂದು ವಾರವೆಂದು ಅವನು ಹೇಳಿದ್ದೇನೋ ನಿಜ, ಆದರೆ ಒಳಕೋಣೆಯಲ್ಲಿ ಕೆಲಸ ಹೇಳಿದಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ. ಪುಟ್ಟಿ ಈಗ ಅವನ ಅಂಗೈಯಿಂದ ಬೀಜ ತೆಗೆದುಕೊಳ್ಳುತ್ತಿತ್ತು. ಕತ್ತು ಬಗ್ಗಿಸಿ ಕೆರೆಸಿಕೊಳ್ಳುತ್ತಿತ್ತು. ಪಂಜರದಿಂದ ಹೊರಬಿಟ್ಟರೆ ಕೋಣೆಯೊಳಗೆ ಎರಡು ಸುತ್ತು ಹಾರಿ ಕುರ್ಚಿಯ ಬೆನ್ನಿನ ಮೇಲೆ ಕೂರುತ್ತಿತ್ತು. ಕೈ ಮಾತ್ರ ಹತ್ತುತ್ತಿರಲಿಲ್ಲ. ಒಂದು ಕಾಲಿಡುವುದು, ಯೋಚಿಸುವುದು, ಕಾಲು ತೆಗೆಯುವುದು, ಕಚ್ಚುವುದು.

ಶನಿವಾರ ಹೆಂಡತಿ ಅವನ ಏಳನೆಯ ಬೆರಳಿಗೆ ಪಟ್ಟಿ ಕಟ್ಟುತ್ತಾ, "ಸಾಕು ಬಿಡ್ರೀ. ನಾಳೆ ಅಣ್ಣ ಬಂದಾಗ ಕೊಟ್ಟುಬಿಡೋಣ. ಅವನು ನಕ್ಕರೆ ನಕ್ಕ. ನಿಮ್ಮ ಕೈ ನೋಡಕ್ಕಾಗ್ತಿಲ್ಲ," ಎಂದಳು.

ಜನ್ಮದಲ್ಲಿ ಮೊದಲ ಬಾರಿಗೆ ಆಯ್ತಪ್ಪ, "ಆಗಲ್ಲ," ಎಂದ.

ಅವಳು ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

"ನಕ್ಕರೆ ನಗಲಿ ಅಂತ ನಾನೂ ಅಂದ್ಕೊಂಡಿದ್ದೀನಿ. ಅದಲ್ಲ ವಿಷಯ. ಆ ನಾಯಿ ಇರೋ ಮನೆಗೆ ಇವಳನ್ನ ಕಳಿಸಲ್ಲ."

ಹೆಂಡತಿ ಇನ್ನೊಂದು ಸುತ್ತು ಪಟ್ಟಿ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

ಭಾನುವಾರ ಮೂರೂವರೆಗೆ ಆಯ್ತಪ್ಪ ಒಳಕೋಣೆಯಲ್ಲಿ ಕೊನೆಯ ಪಾಠ ನಡೆಸುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಪುಟ್ಟಿಯನ್ನು ಕುರ್ಚಿಯ ಮೇಲೇ ಬಿಟ್ಟು, ಕೋಣೆಯ ಬಾಗಿಲು ಎಳೆದುಕೊಂಡು ಹೊರಬಂದರೆ ಹಜಾರದಲ್ಲಿ ಒಂದು ನಿಯೋಗ: ಹೆಡ್ ಕ್ಲರ್ಕ್, ಡ್ರಿಲ್ ಮೇಷ್ಟ್ರು, ಕಡತ ಹಿಡಿದ ಸಲಹಾ ಕೇಂದ್ರದ ಮೇಡಂ. ಹೆಂಡತಿ, "ಕೂತ್ಕೊಳ್ಳಿ, ಟೀ ತರ್ತೀನಿ," ಎಂದು ಅಡುಗೆಮನೆಗೆ ಹೋದಳು. ಅವಳು ಹಾದುಹೋಗುವಾಗ ಮೇಷ್ಟ್ರು ಎರಡೂ ತೋಳನ್ನು ಒಳಗೆಳೆದುಕೊಂಡರು.

"ಸಂಕೋಚ ಬೇಡ," ಎಂದರು ಮೇಡಂ. "ನಮಗೆ ಎಲ್ಲಾ ಗೊತ್ತಾಗಿದೆ."

ಗುಟ್ಟು ರಟ್ಟಾಯಿತೆಂದುಕೊಂಡ ಆಯ್ತಪ್ಪ. "ಗೊತ್ತಾಯ್ತಾ? ಹೋಗ್ಲಿ ಬಿಡಿ. ಎಷ್ಟು ದಿನ ಅಂತ ಮುಚ್ಚಿಡೋದು?"

"ಎಷ್ಟು ದಿನದಿಂದ ಕಚ್ತಿದ್ದಾಳೆ?"

"ಮನೆಗೆ ಬಂದ ದಿನದಿಂದಲೇ ಮೇಡಂ."

"ದೇವರೇ!" ಎಂದರು ಹೆಡ್ ಕ್ಲರ್ಕ್. "ಬಂದ ದಿನದಿಂದಲೇ!"

"ಈಗ ಎಷ್ಟೋ ವಾಸಿ ಸಾರ್. ಹೊಟ್ಟೆ ತುಂಬಿದ್ರೆ ಕಚ್ಚಲ್ಲ. ಕತ್ತಿನ ಹಿಂದೆ ಸ್ವಲ್ಪ ಕೆರೆದ್ರೆ ಕಣ್ಣು ಮುಚ್ಕೊಂಡು ಕೂತಿರ್ತಾಳೆ."

ಮೇಡಂ ಬರೆದುಕೊಂಡರು. "ಹೊಟ್ಟೆಗೆ ಏನು ಕೊಡ್ತೀರಿ?"

"ಸೂರ್ಯಕಾಂತಿ ಬೀಜ. ಹೇಳಿದ ಹಾಗೆ ಕೇಳಿದ್ರೆ ಒಂದು. ಕೇಳದಿದ್ರೆ ಇಲ್ಲ."

ಲೇಖನಿ ನಿಂತಿತು. "ಒಂದು... ಬೀಜ?"

"ಜಾಸ್ತಿ ಕೊಟ್ರೆ ಕೊಬ್ಬುತ್ತಾಳೆ ಅಂತ ಪುಸ್ತಕದಲ್ಲೇ ಇದೆ ಮೇಡಂ."

"ಕತ್ತಲಾದ ಮೇಲೆ?"

"ಪಂಜರಕ್ಕೆ ಬಿಟ್ಟು, ಚಿಲಕ ಹಾಕಿ, ಮೇಲೊಂದು ಬಟ್ಟೆ ಮುಚ್ಚಿಬಿಡ್ತೀನಿ. ತೆಪ್ಪಗಿರ್ತಾಳೆ."

ಲೇಖನಿ ಕೆಳಗೆ ಬಿತ್ತು. ಇಷ್ಟು ದಿನ ಆಯ್ತಪ್ಪನ ಪರ ವಾದಿಸುತ್ತಿದ್ದ ಡ್ರಿಲ್ ಮೇಷ್ಟ್ರು ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡರು.

"ಪಂಜರ?" ಎಂದರು ಮೇಡಂ.

"ಚಿಕ್ಕದಲ್ಲ ಮೇಡಂ," ಎಂದ ಆಯ್ತಪ್ಪ, ಅವರಿಗೆ ಸಮಾಧಾನವಾಗಲೆಂದು. "ಎರಡು ಅಡಿ ಎತ್ತರ ಇದೆ."

"ಕಟ್ಕೊಂಡ ಹೆಂಡ್ತೀನ ಎರಡು ಅಡಿ ಪಂಜರದಲ್ಲಿ ಇಡ್ತೀರಾ?" ಎಂದು ಮೇಡಂ ಎದ್ದುನಿಂತು ಕೂಗಿದರು.

ಸರಿಯಾಗಿ ನಾಲ್ಕು ಗಂಟೆ. ಬಾಗಿಲಲ್ಲಿ ಕಾಲಿಟ್ಟಿದ್ದ ಭಾವನ ಕಿವಿಗೆ ಬಿದ್ದದ್ದು ಅದೊಂದೇ ವಾಕ್ಯ.

"ಯಾರನ್ನ? ನನ್ನ ತಂಗೀನಾ?" ಲಾರಿಯ ಹಾರನ್ನು ಮೊಳಗಿತು. "ಎಲ್ಲಿಟ್ಟಿದ್ದೀಯೋ ಅವಳನ್ನ?"

ತಂಗಿ ಟೀ ತಟ್ಟೆ ಹಿಡಿದು ಬಂದಳು. "ಏನಣ್ಣಾ, ಯಾಕೆ ಕೂಗ್ತಿದ್ದೀಯ?"

ಅದೇ ಹೊತ್ತಿಗೆ ಗದ್ದಲಕ್ಕೆ ಬೆದರಿದ ಪುಟ್ಟಿ ಒಳಗಿನಿಂದ ಪ್ರಾಣ ಹೋಗುವಂತೆ ಕಿರುಚಿತು. "ಅದೇ! ಅದೇ ಕೂಗು!" ಎಂದು ಮೇಷ್ಟ್ರು ನೆಗೆದು ನಿಂತರು. ಗಂಡಹೆಂಡಿರಿಬ್ಬರೂ ಕಣ್ಣೆದುರಿಗೇ ಇದ್ದಾರೆ, ಇಬ್ಬರ ಬಾಯೂ ಮುಚ್ಚಿದೆ. "ಮತ್ತೆ ಒಳಗೆ ಇನ್ಯಾರು?" ಎನ್ನುತ್ತಾ ಅವರು ಹೋಗಿ ಬಾಗಿಲು ತಳ್ಳಿಯೇಬಿಟ್ಟರು.

ಪುಟ್ಟಿ ಅವರ ತಲೆಯ ಮೇಲಿಂದ ಬಾಣದಂತೆ ಹಾರಿ, ಹಜಾರವನ್ನು ಒಂದು ಸುತ್ತು ಹಾಕಿ, ತೆರೆದಿದ್ದ ಕಿಟಕಿಯ ಬಾಗಿಲ ತುದಿಯಲ್ಲಿ ಕೂತಿತು. ಆಚೆಗೆ ಬಯಲು ಆಕಾಶ. ತಂತಿಯ ಮೇಲೆ ನಾಲ್ಕು ಕಾಗೆ.

ಭಾವ ಮೇಜಿನ ಮೇಲಿನ ಬಟ್ಟೆ ಕಿತ್ತುಕೊಂಡ. ಮೇಷ್ಟ್ರು ಕೊಡೆ ಎತ್ತಿದರು. ಹೆಡ್ ಕ್ಲರ್ಕ್ ಯಾವುದಕ್ಕೂ ಇರಲಿ ಎಂದು ಸ್ಟೂಲು ಹತ್ತಿದರು.

"ಯಾರೂ ಅಲ್ಲಾಡ್ಬಾರ್ದು!" ಎಂದ ಆಯ್ತಪ್ಪ. ದನಿ ಎತ್ತರವಾಗಿರಲಿಲ್ಲ, ಪುಟ್ಟಿಯ ಎದುರು ದನಿ ಎತ್ತುವುದು ಅವನಿಗೆ ಮರೆತೇಹೋಗಿತ್ತು. "ಬಟ್ಟೆ ಕೆಳಗಿಡಿ ಭಾವ. ಕೂತ್ಕೊಳ್ಳಿ. ಸಾರ್, ನೀವು ಅಲ್ಲೇ ಇರಿ. ಯಾರೂ ಅವಳ ಮುಖ ನೋಡಬೇಡಿ."

ಭಾವ ಕೂತ. ಮೇಷ್ಟ್ರು ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡಿದರು. ಸ್ಟೂಲಿನ ಮೇಲಿದ್ದ ಹೆಡ್ ಕ್ಲರ್ಕ್ ಒಂದು ಕಾಲೆತ್ತಿದವರು ಎತ್ತಿದಂತೆಯೇ ನಿಂತರು.

ಹಜಾರದ ಉದ್ದ ಹನ್ನೆರಡು ಅಡಿ. ಅದನ್ನು ದಾಟಲು ಆಯ್ತಪ್ಪನಿಗೆ ಐದು ನಿಮಿಷ ಹಿಡಿಯಿತು. ಒಂದು ಹೆಜ್ಜೆ, ಒಂದು ನಿಲುಗಡೆ. ಪುಟ್ಟಿ ಕತ್ತು ಹೊರಳಿಸಿ ಆಕಾಶ ನೋಡಿತು. ಅವನು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದ. "ಮಾನ್ಯರೇ," ಎಂದ ಮೆಲ್ಲಗೆ, "ನಮ್ಮ ಬೀದಿಯಲ್ಲಿ ಮೂರು ದಿನದಿಂದ ಕೊಳಾಯಿ ಒಡೆದು..." ಪುಟ್ಟಿ ಕತ್ತು ಇತ್ತ ಹೊರಳಿಸಿತು. ಜೇಬಿನಲ್ಲಿ ಒಂದೇ ಒಂದು ಬೀಜವೂ ಇರಲಿಲ್ಲ. ಬರಿಗೈಯನ್ನೇ ಮುಂದೆ ಹಿಡಿದ.

"ಹತ್ತು ಪುಟ್ಟಿ."

ಪುಟ್ಟಿ ಬಗ್ಗಿ ಅವನ ಕಿರುಬೆರಳನ್ನು ಕಚ್ಚಿತು. ಜೋರಾಗಿಯೇ ಕಚ್ಚಿತು, ಒಂದು ಹನಿ ರಕ್ತ ಕೆಳಗೆ ಬಿತ್ತು. ಕೈ ಅಲ್ಲಾಡಲಿಲ್ಲ.

"ಹನ್ನೊಂದು," ಎಂದು ಮೇಷ್ಟ್ರು ಉಸಿರಿನಲ್ಲೇ ಎಣಿಸಿದರು.

ಆಮೇಲೆ ಪುಟ್ಟಿ ಒಂದು ಕಾಲಿಟ್ಟಿತು. ಯೋಚಿಸಿತು. ತಂತಿಯ ಮೇಲೊಂದು ಕಾಗೆ ಕೂಗಿತು. ಪುಟ್ಟಿ ಇನ್ನೊಂದು ಕಾಲನ್ನೂ ಇಟ್ಟು, ಬೆರಳುಗಳ ಪಟ್ಟಿಗಳ ಮೇಲೆ ಅತ್ತಿತ್ತ ಸರಿದು, ಗರಿ ಕೊಡವಿ ಕೂತಿತು. ಹೆಂಡತಿ ಗೋಡೆಯ ಪಕ್ಕದಲ್ಲೇ ಸರಿಯುತ್ತಾ ಬಂದು ಸದ್ದಿಲ್ಲದೆ ಕಿಟಕಿ ಮುಚ್ಚಿದಳು.

ಮೊದಲು ಮಾತಾಡಿದವರು ಮೇಡಂ, ಅದೂ ಪಿಸುದನಿಯಲ್ಲಿ. "ಹಾಗಾದ್ರೆ ಕಚ್ತಿದ್ದಿದ್ದು... ಇವರಲ್ವಾ?"

"ನಾನಾ?" ಎಂದಳು ಟೀಚರಮ್ಮ. ಬಸ್ಸಿನ ಖಾಲಿ ಸೀಟು, ತರಕಾರಿಯ ಹೆಚ್ಚಿನ ಹಿಡಿ, ಎದುರು ಮನೆಯ ಸೊಸೆ, ಎಲ್ಲವೂ ಒಂದೊಂದಾಗಿ ಕೂಡಿ ಲೆಕ್ಕ ಸರಿಹೋಯಿತು. ಅವಳು ಡ್ರಿಲ್ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡು ಹಿಂದೆ ಹಿಂದೆ ನಡೆದು ಬಾಗಿಲು ಸೇರಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಪುಟ್ಟಿ ಬೆದರುತ್ತದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು.

ಭಾವ ಎದ್ದು, ಗಿಳಿಯ ಮುಖ ನೋಡಬಾರದೆಂಬ ಅಪ್ಪಣೆ ನೆನೆದು ಗೋಡೆ ನೋಡುತ್ತಲೇ ಆಯ್ತಪ್ಪನ ಹತ್ತಿರ ಬಂದ. "ನಿಂದೇ ಕಣಪ್ಪಾ," ಎಂದ. ಅವನಿಗೂ ಮೆಲುದನಿ ಇದೆಯೆಂದು ಆ ದಿನವೇ ಎಲ್ಲರಿಗೂ ಗೊತ್ತಾದದ್ದು. "ಅಷ್ಟು ಕಚ್ಚಿದ್ರೂ ಕೈ ತೆಗೀಲಿಲ್ವಲ್ಲೋ. ನಾನಾಗಿದ್ರೆ ಮೊದಲನೇ ದಿನವೇ ಓಡಿಸ್ತಿದ್ದೆ."

ಹೆಡ್ ಕ್ಲರ್ಕರನ್ನು ಸ್ಟೂಲಿನಿಂದ ಇಳಿಸಲಾಯಿತು. ಮೇಡಂ ಕಡತದ ಹಾಳೆ ಹರಿದು ಚೀಲಕ್ಕೆ ಹಾಕಿಕೊಂಡರು. ತಣ್ಣಗಾದ ಟೀಯನ್ನು ಎಲ್ಲರೂ ಸದ್ದಿಲ್ಲದೆ ಕುಡಿದು, ತುದಿಗಾಲಿನಲ್ಲಿ ಹೊರಟುಹೋದರು.

ಆಯ್ತಪ್ಪ ಕೈ ಚಾಚಿಕೊಂಡು ಕುರ್ಚಿಯಲ್ಲಿ ಕೂತ. ಐದು ಗಂಟೆಯಾಯಿತು, ಐದೂವರೆಯಾಯಿತು. ಪುಟ್ಟಿ ಇಳಿಯುವ ಲಕ್ಷಣವಿರಲಿಲ್ಲ. ಅದು ಅವನ ಮಣಿಕಟ್ಟಿನ ಮೇಲೆ ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಸೇರಿಸಿಕೊಂಡು ತೂಕಡಿಸತೊಡಗಿತ್ತು.

"ಕೈ ನೋಯ್ತಿಲ್ವಾ?" ಎಂದಳು ಹೆಂಡತಿ.

"ತುಂಬಾ ನೋಯ್ತಿದೆ."

"ಇಳಿಸಿ ಮತ್ತೆ."

"ಇಳಿ ಅನ್ನೋದನ್ನ ಇನ್ನೂ ಕಲಿಸಿಲ್ಲ ಕಣೇ," ಎಂದ ಆಯ್ತಪ್ಪ, ತುಟಿ ಅಲ್ಲಾಡಿಸದೆ.

ಹೆಂಡತಿ ಒಳಗೆ ಹೋಗಿ ಎರಡು ದಿಂಬು ತಂದು ಅವನ ಮೊಣಕೈ ಕೆಳಗೆ ಒಂದರ ಮೇಲೊಂದಿಟ್ಟಳು. ಆಮೇಲೆ ತನ್ನ ಉತ್ತರ ಪತ್ರಿಕೆಗಳ ಕಟ್ಟನ್ನೂ ಅಲ್ಲಿಗೇ ತಂದು, ಅವನ ಪಕ್ಕದಲ್ಲಿ ಕೂತು, ಪುಟ ತಿರುವುವ ಸದ್ದೂ ಆಗದಂತೆ ತಿದ್ದತೊಡಗಿದಳು.